ಫ್ಯಾನ್ ಕೆಟ್ಟರೆ ಯೂಟ್ಯೂಬಾ, ಕಂಪನಿ ವೆಬ್‌ಸೈಟಾ?

ರಾಯಚೂರಿನ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟಿದ ಮಧ್ಯಾಹ್ನವೇ ನಮ್ಮ ಫ್ಯಾನ್ ಸುಸ್ತಾಗಿ ಸುತ್ತತೊಡಗಿತು. ಯೂಟ್ಯೂಬ್ ತೆರೆದರೆ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ವಿಡಿಯೊ ಸಿಕ್ಕವು, ನಮ್ಮೂರಲ್ಲಿ ಮೂರೂ ನಡೆಯುತ್ತವೆ ಬಿಡಿ. ಕಂಡೆನ್ಸರ್, ಅಂದರೆ ಫ್ಯಾನ್ ಮೋಟಾರ್ ತಿರುಗಲು ನೆರವಾಗುವ ಪುಟ್ಟ ಭಾಗ, ಬದಲಿಸಿ ಎಂದರು. ಅದು ಸರಿಯೇ. ಆದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಅಂತ ನಾನು ನೋಡಿದ ಒಬ್ಬರೂ ಹೇಳಲಿಲ್ಲ, ಹಳೆಯದರ ಮೇಲೆ 2.5 ಮೈಕ್ರೊಫ್ಯಾರಡ್ (ಅದರ ಸಾಮರ್ಥ್ಯದ ಅಳತೆ) ಅಂತಿದ್ದರೆ ಹೊಸದೂ ಅಷ್ಟೇ ಇರಬೇಕು ಅನ್ನೋದನ್ನೂ ಹೇಳಲಿಲ್ಲ. ಕೈಕೆಲಸವನ್ನು ನೋಡಿ ಕಲಿಯೋಕೆ ಮಾತ್ರ ವಿಡಿಯೊನೇ ಬೆಸ್ಟ್. ಕೆಳಗಿನ ಕಾಮೆಂಟ್ ತಪ್ಪದೆ ಓದಿ, ಎಡವಟ್ಟಾದವರು ಅಲ್ಲೇ ಬೈದಿರುತ್ತಾರೆ.

ವಾಷಿಂಗ್ ಮಷಿನ್ ಎರರ್ ಕೋಡ್ ತೋರಿಸಿದರೆ ಕಂಪನಿ ವೆಬ್‌ಸೈಟಿಗೇ ಹೋಗಿ. ಒಂದೊಂದು ಕಂಪನಿಯ ಕೋಡ್ ಒಂದೊಂದು ಥರ, ಮಾಡೆಲ್ ನಂಬರ್ ಹಾಕಿ ಮ್ಯಾನ್ಯುಯಲ್ ನೋಡಿದರೆ ಅರ್ಥ ಗೊತ್ತಾಗುತ್ತದೆ. ವಾರಂಟಿ ಇದ್ದರಂತೂ ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. ಇನ್ನೊಂದು ಮಾತು, ಕಸ್ಟಮರ್ ಕೇರ್ ನಂಬರನ್ನು ಸುಮ್ನೆ ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ, ಕಳ್ಳರು ಹಾಕಿದ ನಂಬರೂ ಅಲ್ಲಿರುತ್ತವೆ. ಬಿಲ್ಲಿನ ಮೇಲಿರುವ ನಂಬರೇ ವಾಸಿ. ಫೋನಿನಲ್ಲಿ ಯಾರಾದರೂ ‘ನಿಮ್ಮ ಸ್ಕ್ರೀನ್ ನಮಗೆ ತೋರಿಸುವ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ’ ಎಂದರೆ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೊಬೈಲ್, ಲ್ಯಾಪ್‌ಟಾಪ್ ಬಿಚ್ಚುವ ಧೈರ್ಯ ಇದ್ದವರಿಗೆ ರಿಪೇರಿ ಕಲಿಸುವ ವೆಬ್‌ಸೈಟ್ ಐಫಿಕ್ಸಿಟ್ ಇದೆ. 2003ರಿಂದ ನಡೆಯುತ್ತಿದೆ, ಪ್ರತಿ ಹಂತಕ್ಕೂ ಫೋಟೊ, ಯಾವ ಸ್ಕ್ರೂಡ್ರೈವರ್ ಬೇಕೆಂಬುದೂ ಇರುತ್ತದೆ. ಆದರೆ ಕನ್ನಡ ಇಲ್ಲ, ನಮ್ಮ ಮಿಕ್ಸಿ, ಕೂಲರ್‌ಗೆ ಅಲ್ಲಿ ಹುಡುಕಿ ಜಾಸ್ತಿ ಉಪಯೋಗವಿಲ್ಲ.