ಮಗಳನ್ನು ಸೇರಿಸಿದ ವೆಲ್ಡಿಂಗ್ ಕೋರ್ಸ್: 2 ವರ್ಷದ ಮೇಲೆ ಬರೆಯುತ್ತಿದ್ದೇನೆ

ಹೈಸ್ಕೂಲಿನಲ್ಲಿದ್ದಾಗಲೇ ಮಗಳು ವೆಲ್ಡಿಂಗ್ ಕಲಿಯುತ್ತೇನೆ ಅಂದಳು. ಕಾಲೇಜಿನವರೆಗೆ ಏನೇನು ಓದಬೇಕು ಅಂತ ದಾರಿ ಹಾಕಿಕೊಟ್ಟು, ಜೊತೆಗೆ ಕೆಲಸವನ್ನೂ ಕಲಿಸುವ ಒಂದು ಕೋರ್ಸಿಗೆ ಸೇರಿಸಿದೆವು.

ನನಗೆ ತುಂಬಾ ಹಿಡಿಸಿದ್ದು ಅವರು ಆತುರಪಡದೆ ಕಲಿಸಿದ ರೀತಿ. ಮೊದಲು ರಾಡ್ ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್, ಆಮೇಲೆ ಮಿಗ್ (ತಂತಿ ತಾನಾಗಿ ಬರುತ್ತಾ ಗ್ಯಾಸಿನ ಮರೆಯಲ್ಲಿ ಮಾಡುವ ಬೆಸುಗೆ), ಕೈ ಚೆನ್ನಾಗಿ ಕುದುರಿದ ಮೇಲೆ ಟಿಗ್ (ಟಂಗ್‌ಸ್ಟನ್ ಮೊನೆಯಿಂದ ಮಾಡುವ ನಾಜೂಕು ಬೆಸುಗೆ). ಮಲಗಿಸಿದ ಪ್ಲೇಟಿನಿಂದ ಶುರುಮಾಡಿ, ನೆಟ್ಟಗೆ ನಿಲ್ಲಿಸಿದ್ದು, ತಲೆ ಮೇಲಿನದ್ದು, ಕೊನೆಗೆ 45 ಡಿಗ್ರಿ ಓರೆಯಾಗಿ ಕೂರಿಸಿದ ಪೈಪಿನ 6ಜಿ ಟೆಸ್ಟಿನವರೆಗೆ ಹಂತ ಹಂತವಾಗಿ ಕರೆದುಕೊಂಡು ಹೋದರು. 7018 ಅನ್ನುವ ಕಡಿಮೆ ಹೈಡ್ರೋಜನ್ನಿನ ಬೆಸುಗೆ ರಾಡನ್ನು ಓವನ್‌ನಲ್ಲೇ ಯಾಕೆ ಇಡಬೇಕು ಗೊತ್ತಾ? ತೇವ ಹೀರಿದರೆ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ ಆಮೇಲೆ ಬಿರುಕು ಬಿಡಬಹುದು. ಇದನ್ನು ನನಗೆ ವಿವರಿಸಿದ್ದು ಮಗಳೇ! ಗಣಿತ, ರಸಾಯನಶಾಸ್ತ್ರ ಬಿಡಬೇಡ, ಮುಂದೆ ಇನ್‌ಸ್ಪೆಕ್ಷನ್ ಅಥವಾ ವೆಲ್ಡಿಂಗ್ ಎಂಜಿನಿಯರಿಂಗ್ ಕಡೆ ಹೋಗಬೇಕಾದರೆ ಅದೇ ಬೇಕು ಅಂತಲೂ ಮೊದಲ ವಾರವೇ ಹೇಳಿದ್ದರು.

ಬೇಸರವಾಗಿದ್ದೂ ಇದೆ. ಹೊಗೆ ಎಳೆಯುವ ಫ್ಯಾನ್ ಒಂದು ತಿಂಗಳು ಕೆಟ್ಟಿತ್ತು, ಮಕ್ಕಳು ಕೆಮ್ಮುತ್ತಲೇ ಕಲಿತರು. ಇದು ಸಣ್ಣ ವಿಷಯ ಅಲ್ಲ. ಇನ್ನೊಂದು, ಸರ್ಟಿಫಿಕೇಟ್ ಸಿಕ್ಕರೆ ಮುಗಿಯಿತು ಅನ್ನುವ ಹಾಗೆ ಮಾತಾಡಿದರು. ಆದರೆ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ (ಎಡಬ್ಲ್ಯುಎಸ್) ಉಕ್ಕಿನ ಬೆಸುಗೆಯ ನಿಯಮಾವಳಿಯಾದ ಡಿ1.1 ಕೋಡ್ ಪ್ರಕಾರ, ಅರ್ಹತೆ ಪಡೆದ ವೆಲ್ಡಿಂಗ್ ವಿಧಾನದಲ್ಲಿ 6 ತಿಂಗಳಿಗಿಂತ ಜಾಸ್ತಿ ಕೆಲಸ ಮಾಡದಿದ್ದರೆ ಅರ್ಹತೆ ಹೋಗುತ್ತದೆ. ಕಾಲೇಜಿಗೆ ಸೇರಿ ಓದಿನಲ್ಲಿ ಮುಳುಗುವ ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಕು ಅಲ್ವಾ?

ಸೇರಿಸುವ ಮುಂಚೆ ವರ್ಕ್‌ಶಾಪಿನೊಳಗೆ ಹೋಗಿ ನೋಡಿ. ಒಂದೊಂದು ಮಷಿನ್ನಿಗೆ ಎಷ್ಟು ಮಕ್ಕಳು, ಫ್ಯಾನ್ ತಿರುಗುತ್ತಿದೆಯಾ ಅಂತ ಕೇಳಿ.