ಸಿ ಡ್ರೈವ್ ಬ್ಯಾಕಪ್: ವಿಂಡೋಸ್‌ನ ಸಿಸ್ಟಮ್ ಇಮೇಜೋ, ಕ್ಲೋನ್‌ಜಿಲ್ಲಾವೋ?

ವಿಂಡೋಸ್ ಇರುವ ಸಿ ವಿಭಾಗವೊಂದನ್ನೇ (ಪಾರ್ಟಿಷನ್) ಕಾಪಿಡಬೇಕು ಎನ್ನುವವರಿಗೆ ಎರಡು ಉಚಿತ ದಾರಿಗಳಿವೆ.

ವಿಂಡೋಸ್‌ನೊಳಗೇ ಇರುವ ಸಿಸ್ಟಮ್ ಇಮೇಜ್ (ಇಡೀ ವ್ಯವಸ್ಥೆಯ ನಕಲು ತೆಗೆಯುವ ಸೌಲಭ್ಯ) ಸುಲಭ. ನೀವು ಕೆಲಸ ಮಾಡುತ್ತಿರುವಾಗಲೇ ಪ್ರತಿ ತಯಾರಾಗುತ್ತದೆ. ಆದರೆ ಕಂಪ್ಯೂಟರ್ ಬೂಟ್ ಆಗಲು, ಅಂದರೆ ಶುರುವಾಗಲು, ಬೇಕಾದ ಇತರ ವಿಭಾಗಗಳನ್ನೂ ಅದು ತಾನಾಗಿಯೇ ಸೇರಿಸಿಕೊಳ್ಳುತ್ತದೆ, ಬೇಡವೆನ್ನಲು ಅವಕಾಶವಿಲ್ಲ. ಮೈಕ್ರೋಸಾಫ್ಟ್ 2017ರಲ್ಲೇ ಇದನ್ನು ಕೈಬಿಡುವ ಸೌಲಭ್ಯಗಳ ಪಟ್ಟಿಗೆ ಸೇರಿಸಿದೆ. ಹೊಸದಾಗಿ ಶುರುಮಾಡುವವರು ಇದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ನನ್ನ ಮತ ಡಿಸ್ಕ್ ನಕಲಿಸುವ ಉಚಿತ ತಂತ್ರಾಂಶ ಕ್ಲೋನ್‌ಜಿಲ್ಲಾಕ್ಕೆ. ಇದನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ಪರದೆಯ ಮೇಲೆ ಬರೀ ಅಕ್ಷರಗಳು, ಮೌಸ್‌ಗೆ ಕೆಲಸವಿಲ್ಲ. ‘ಸೇವ್‌ಪಾರ್ಟ್ಸ್’ ಆಯ್ದು, ವಿಭಾಗಗಳ ಪಟ್ಟಿಯಲ್ಲಿ ಬೇಕಾದುದರ ಮೇಲೆ ಸ್ಪೇಸ್‌ಬಾರ್ ಒತ್ತಿದರೆ ನಕ್ಷತ್ರ ಚಿಹ್ನೆ ಮೂಡುತ್ತದೆ, ಅದಷ್ಟನ್ನೇ ಉಳಿಸುತ್ತದೆ. ಗಾತ್ರ ನೋಡಿ ಗುರುತಿಸಿ, ಇಲ್ಲಿ ಸಿ, ಡಿ ಎಂಬ ಹೆಸರುಗಳಿರುವುದಿಲ್ಲ. ಡೇಟಾ ಇರುವ ಭಾಗವನ್ನು ಮಾತ್ರ ನಕಲಿಸುವುದರಿಂದ ಜಾಗವೂ ಉಳಿಯುತ್ತದೆ. ಬಿಟ್‌ಲಾಕರ್ (ಡ್ರೈವ್‌ನ ಡೇಟಾಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಚಾಲೂ ಇದ್ದರೆ ಈ ಲಾಭವಿಲ್ಲ, ಖಾಲಿ ಜಾಗವೂ ನಕಲಾಗುತ್ತದೆ.

ಅಕ್ಷರಗಳ ಪರದೆ ಕಂಡರೆ ಹಿಂಜರಿಕೆಯಾದರೆ ರೆಸ್ಕ್ಯೂಜಿಲ್ಲಾ ನೋಡಿ. ಮೌಸ್‌ನಿಂದಲೇ ನಡೆಯುತ್ತದೆ, ಕ್ಲೋನ್‌ಜಿಲ್ಲಾ ಪ್ರತಿಗಳನ್ನೂ ಓದುತ್ತದೆ.

ಕ್ಲೋನ್‌ಜಿಲ್ಲಾ, ರೆಸ್ಕ್ಯೂಜಿಲ್ಲಾ ಎರಡರಲ್ಲಿ ಯಾವುದೇ ಆದರೂ, ಶಿಫ್ಟ್ ಕೀ ಒತ್ತಿ ಹಿಡಿದು ವಿಂಡೋಸ್ ಅನ್ನು ಶಟ್‌ಡೌನ್ ಮಾಡಿದ ಮೇಲೆಯೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಇಲ್ಲವಾದರೆ ಬೇಗ ಶುರುವಾಗಲೆಂದು ವಿಂಡೋಸ್ ಅನ್ನು ಪೂರ್ತಿ ಮುಚ್ಚದ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಭಾಗ ಅರೆನಿದ್ರೆಯಲ್ಲೇ ಉಳಿದು ನಕಲು ಅರ್ಧಕ್ಕೇ ನಿಲ್ಲಬಹುದು.