ಕಾರ್ನೆಲ್‌ನ ಪ್ರೋಗ್ರಾಂ ಹೌಸ್‌ಗಳು: ಹಾಸ್ಟೆಲ್ ಅರ್ಜಿ ತುಂಬುವ ಮುನ್ನ

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಮಗನಿಗೋ ಮಗಳಿಗೋ ಸೀಟು ಸಿಕ್ಕಿದ ಮೇಲೆ ವೀಸಾ, ಶುಲ್ಕ, ವಿಮಾನದ ಟಿಕೆಟ್ಟುಗಳ ಬಗ್ಗೆ ನಡೆಯುವಷ್ಟು ಚರ್ಚೆ ಹಾಸ್ಟೆಲಿನ ಅರ್ಜಿಯ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗುವವರು ಆ ಅರ್ಜಿಗೂ ಒಂದು ಸಂಜೆ ಎತ್ತಿಡುವುದು ಒಳ್ಳೆಯದು. ಸಾಮಾನ್ಯ ಹಾಸ್ಟೆಲ್ಲುಗಳ ಜೊತೆಗೆ ಅಲ್ಲಿ ‘ಪ್ರೋಗ್ರಾಂ ಹೌಸ್’ ಎಂದು ಕರೆಯುವ ಸುಮಾರು ಹತ್ತು ಮನೆಗಳಿವೆ. ಒಂದೊಂದಕ್ಕೂ ಒಂದು ವಿಷಯ: ರಂಗಕಲೆ, ಸಂಗೀತ, ಪರಿಸರ, ಭಾಷೆ, ಕಪ್ಪು ಜನರ ಇತಿಹಾಸ, ಅಮೆರಿಕದ ಮೂಲನಿವಾಸಿಗಳ ಬದುಕು, ಹೀಗೆ. ಆ ವಿಷಯದಲ್ಲಿ ಆಸಕ್ತಿಯುಳ್ಳವರು ಯಾವ ವಿಭಾಗದಲ್ಲಿ ಓದುತ್ತಿದ್ದರೂ ಒಟ್ಟಿಗೆ ವಾಸಿಸುತ್ತಾರೆ. ಸಾಮಾನ್ಯವಾಗಿ ಒಂದು ಸಣ್ಣ ಪ್ರಬಂಧ ಬರೆದು ಕೊಟ್ಟರೆ ಆಯ್ಕೆ ನಡೆಯುತ್ತದೆ. ನನ್ನ ತಂಗಿಯ ಮಗಳು ಇಂಥ ಮನೆಯಲ್ಲಿದ್ದುದರಿಂದ ಅವುಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು.

ಅವಳು ಇದ್ದದ್ದು ರಿಸ್ಲಿ ಹಾಲ್‌ನಲ್ಲಿ. ಈ ಕೆಂಪು ಇಟ್ಟಿಗೆಯ ಕಟ್ಟಡ 1913ರಲ್ಲಿ ವಿದ್ಯಾರ್ಥಿನಿಯರ ವಸತಿಗೃಹವಾಗಿ ಆರಂಭವಾಯಿತು. ಹಣ ಕೊಟ್ಟವರು ಉದ್ಯಮಿ ರಸೆಲ್ ಸೇಜ್ ಅವರ ಪತ್ನಿ ಮಾರ್ಗರೆಟ್ ಒಲಿವಿಯಾ ಸೇಜ್, ಹೆಸರು ಅವರ ಅತ್ತೆ ಪ್ರುಡೆನ್ಸ್ ರಿಸ್ಲಿಯವರದು. ಸೊಸೆ ಅತ್ತೆಯ ಹೆಸರಿನಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಕಟ್ಟಿಸಿದ ಈ ಸಂಗತಿಯನ್ನು ಹೇಳಿದಾಗ ನಮ್ಮ ಮನೆಯ ಹಿರಿಯರಿಗೆಲ್ಲ ಬಹಳ ಹಿಡಿಸಿತು. 1970ರಲ್ಲಿ ಅದು ಸೃಜನಶೀಲ ಮತ್ತು ಪ್ರದರ್ಶನ ಕಲೆಗಳಿಗೆ ಮೀಸಲಾದ ಮನೆಯಾಯಿತು. ಊಟದ ಸಭಾಂಗಣವನ್ನು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನ ಭೋಜನಶಾಲೆಯ ಮಾದರಿಯಲ್ಲಿ ಕಟ್ಟಿದ್ದಾರೆ. ಎತ್ತರದ ಚಾವಣಿಯ ಕೆಳಗೆ ಉದ್ದನೆಯ ಮೇಜಿಗೆ ಕುಳಿತು ಉಣ್ಣುವುದಕ್ಕೆ ಮೊದಲ ದಿನ ಯಾರಿಗಾದರೂ ಸ್ವಲ್ಪ ಸಂಕೋಚವೇ ಆಗುತ್ತದೆ.

ಆದರೆ ರಿಸ್ಲಿಯ ಹೆಚ್ಚುಗಾರಿಕೆ ಕಟ್ಟಡದ ಅಂದದಲ್ಲಿಲ್ಲ. ಮನೆಯೊಳಗೇ ವಿದ್ಯಾರ್ಥಿಗಳು ನಡೆಸುವ ಪುಟ್ಟ ರಂಗಮಂದಿರವಿದೆ, ಕಲೆಯ ಕೆಲಸಕ್ಕೆ ಬೇರೆ ಕೋಣೆಗಳಿವೆ, ಕಾರಿಡಾರುಗಳ ಗೋಡೆಯ ಮೇಲೆ ಹಿಂದಿನ ವಿದ್ಯಾರ್ಥಿಗಳು ಬರೆದ ಚಿತ್ರಗಳಿವೆ. ನಮ್ಮ ಹುಡುಗಿ ಓದುತ್ತಿದ್ದದ್ದು ಎಂಜಿನಿಯರಿಂಗ್. ಊರಿನಲ್ಲಿ ಶಾಲಾ ವಾರ್ಷಿಕೋತ್ಸವದ ಪರದೆ ಎಳೆದದ್ದನ್ನು ಬಿಟ್ಟರೆ ಅವಳಿಗೂ ನಾಟಕಕ್ಕೂ ಸಂಬಂಧವಿರಲಿಲ್ಲ. ನಾನು ಹೋದಾಗ ಅವಳು ನೆಲದ ಮೇಲೆ ಮಂಡಿಯೂರಿ, ಬೆಳಕಿನ ದೀಪಗಳಿಗೆ ಹಾಕುವ ಬಣ್ಣದ ಜೆಲ್ ಹಾಳೆಗಳನ್ನು ಅಳತೆಗೆ ಕತ್ತರಿಸುತ್ತ, ಯಾವ ದೃಶ್ಯಕ್ಕೆ ಯಾವ ದೀಪ ಎಂಬುದನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ತತ್ವಶಾಸ್ತ್ರ ಓದುವ ಹುಡುಗನೊಬ್ಬ ಏಣಿ ಹಿಡಿದು ನಿಂತಿದ್ದ. ಇದಕ್ಕೆ ಅಂಕವಿಲ್ಲ, ಹಾಜರಿಯಿಲ್ಲ, ಮೇಷ್ಟರೂ ಇಲ್ಲ. ರಾತ್ರಿ ಊಟ ಮುಗಿಸಿ ಮೆಟ್ಟಿಲಿಳಿದರೆ ಕೆಲಸ ಕಾಯುತ್ತಿರುತ್ತದೆ, ಅಷ್ಟೆ. ರಂಗಮಂದಿರ ಊರಿನ ಇನ್ನೊಂದು ತುದಿಯಲ್ಲಿದ್ದಿದ್ದರೆ, ಇಥಾಕಾದ ಜನವರಿಯ ಹಿಮದಲ್ಲಿ, ಅವಳು ಒಂದೇ ಒಂದು ದಿನವೂ ಅಲ್ಲಿಗೆ ಹೋಗುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಈ ಮನೆಗಳನ್ನು ಅಳೆಯಲು ನಾನು ಬಳಸುವ ಮಾನದಂಡ ಇದೇ: ಆ ಮನೆಯಲ್ಲಿ ಇರುವವರು ದಿನವೂ ಕೈಯಿಂದಲೋ ಬಾಯಿಂದಲೋ ಮಾಡುವ ಕೆಲಸವೊಂದು ಇದೆಯೇ, ಅದಕ್ಕೆ ಬೇಕಾದ ಜಾಗ ಕಟ್ಟಡದ ಒಳಗೇ ಇದೆಯೇ? ಲ್ಯಾಂಗ್ವೇಜ್ ಹೌಸ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಸ್ಪ್ಯಾನಿಶ್, ಫ್ರೆಂಚ್, ಜಪಾನೀಸ್, ಮ್ಯಾಂಡರಿನ್ ಮುಂತಾದ ಭಾಷೆಗಳನ್ನು ಕಲಿಯುವವರು ಆ ಭಾಷೆ ಚೆನ್ನಾಗಿ ಬಲ್ಲವರ ಜೊತೆ ಕುಳಿತು, ಊಟದ ಮೇಜಿನಲ್ಲಿ ಉಪ್ಪು ಕೇಳುವುದಕ್ಕೂ ಅದೇ ಭಾಷೆಯನ್ನು ಬಳಸಬೇಕಾಗುತ್ತದೆ. ತರಗತಿಯಲ್ಲಿ ಇದು ಸಾಧ್ಯವಿಲ್ಲ. ‘ಜಸ್ಟ್ ಅಬೌಟ್ ಮ್ಯೂಸಿಕ್’ ಎಂಬ ಸಂಗೀತದ ಮನೆಯಲ್ಲಿ ಅಭ್ಯಾಸದ ಕೋಣೆಗಳೂ ಧ್ವನಿಮುದ್ರಣದ ವ್ಯವಸ್ಥೆಯೂ ಇವೆ. ಮೃದಂಗವೋ ವೀಣೆಯೋ ಹೊತ್ತು ಹೋಗುವ ಮಕ್ಕಳು ರೂಮ್‌ಮೇಟಿನ ನಿದ್ದೆ ಕೆಡಿಸದೆ ಸಾಧನೆ ಮಾಡಬಹುದು. ಇಕಾಲಜಿ ಹೌಸ್‌ನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಹಿಂದೆ ಹೋಟೆಲ್ ಆಗಿದ್ದ ಕಟ್ಟಡವಾದ್ದರಿಂದ ಅಲ್ಲಿ ಅಟ್ಯಾಚ್ಡ್ ಬಾತ್‌ರೂಮಿನ ಸುಖವಿದೆ, ಮತ್ತು ಕೆಲವರು ಪರಿಸರಕ್ಕಿಂತ ಬಾತ್‌ರೂಮನ್ನು ಪ್ರೀತಿಸಿಯೇ ಅರ್ಜಿ ಹಾಕುತ್ತಾರೋ ಎಂಬ ಅನುಮಾನ ನನಗಿದೆ. ಕ್ಯಾಂಪಸ್ಸಿನ ಉತ್ತರದ ಅಂಚಿನಲ್ಲಿರುವ ಆ ಮನೆಯಿಂದ ತರಗತಿಗಳಿಗೆ ದೂರವೂ ಹೆಚ್ಚು.

ಇನ್ನು ಕೆಲವು ಮನೆಗಳನ್ನು ಈ ಮಾನದಂಡದಿಂದ ಅಳೆಯುವುದು ಅನ್ಯಾಯವಾದೀತು, ಏಕೆಂದರೆ ಅವು ಹುಟ್ಟಿದ್ದೇ ಹೋರಾಟದಿಂದ. 1969ರ ಏಪ್ರಿಲ್‌ನಲ್ಲಿ, ಕಪ್ಪು ವಿದ್ಯಾರ್ಥಿನಿಯರು ವಾಸವಾಗಿದ್ದ ವಾರಿ ಹೌಸ್ ಎಂಬ ಮನೆಯ ಮುಂದೆ ಯಾರೋ ಶಿಲುಬೆಗೆ ಬೆಂಕಿ ಹಚ್ಚಿದರು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಹೆದರಿಸಲು ಬಳಸುತ್ತಿದ್ದ ಬೆದರಿಕೆ ಅದು. ಮರುದಿನ ಕಪ್ಪು ವಿದ್ಯಾರ್ಥಿಗಳು ವಿದ್ಯಾರ್ಥಿ ಒಕ್ಕೂಟದ ಕಟ್ಟಡವಾದ ವಿಲ್ಲರ್ಡ್ ಸ್ಟ್ರೇಟ್ ಹಾಲನ್ನು ವಶಪಡಿಸಿಕೊಂಡರು. ಆ ಸುದ್ದಿ ದೇಶವನ್ನೇ ಅಲುಗಾಡಿಸಿತು. ಕಪ್ಪು ಜನರ ಇತಿಹಾಸಕ್ಕೆ ಮೀಸಲಾದ ಉಜಾಮಾ ಎಂಬ ಮನೆ 1972ರಲ್ಲಿ ತೆರೆದುಕೊಂಡದ್ದು ಈ ಹಿನ್ನೆಲೆಯಲ್ಲಿ. 1993ರಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಕಲಾವಿದ ಡೇನಿಯಲ್ ಮಾರ್ಟಿನೆಜ್ ಅವರ ಕಲಾಕೃತಿಯನ್ನು ಕಿಡಿಗೇಡಿಗಳು ಕೆಡಿಸಿದಾಗ ವಿದ್ಯಾರ್ಥಿಗಳು ಆಡಳಿತ ಕಚೇರಿಯಾದ ಡೇ ಹಾಲ್‌ನಲ್ಲಿ ಧರಣಿ ಕೂತರು, ಮುಂದಿನ ವರ್ಷ ಲ್ಯಾಟಿನೊ ಲಿವಿಂಗ್ ಸೆಂಟರ್ ಆರಂಭವಾಯಿತು. ಮೂಲನಿವಾಸಿಗಳ ಸಂಸ್ಕೃತಿಗಾಗಿಯೇ ಯೋಜಿಸಿ ಕಟ್ಟಿದ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದೆನಿಸಿದ ಅಗ್ವೇಗೋ ಎಂಬ ಮನೆ 1991ರದು. ಸುಮಾರು 35 ಮಂದಿ ಇರುವ ಪುಟ್ಟ ಮನೆ ಅದು. ಮೂಲನಿವಾಸಿಗಳಲ್ಲದವರೂ ಅಲ್ಲಿ ಇರುತ್ತಾರೆ. ಕಾರ್ನೆಲ್ ನಿಂತಿರುವ ನೆಲ ಕಯೂಗಾ ಎಂಬ ಮೂಲನಿವಾಸಿ ಜನರದ್ದು ಎಂಬುದನ್ನು ನೆನೆದರೆ, ಆ ಮನೆ ಇರುವುದು ನ್ಯಾಯವೆಂದೇ ತೋರುತ್ತದೆ.

ಇಂಥ ಮನೆಗಳು ವಿದ್ಯಾರ್ಥಿಗಳನ್ನು ಬಣ್ಣ, ಜನಾಂಗಗಳ ಮೇಲೆ ಬೇರ್ಪಡಿಸುತ್ತವೆ ಎಂಬ ಆಕ್ಷೇಪ ಹಳೆಯದು. 1990ರ ದಶಕದಲ್ಲಿ ನ್ಯೂಯಾರ್ಕಿನ ನಾಗರಿಕ ಹಕ್ಕುಗಳ ಸಂಘಟನೆಯೊಂದು ಕಾರ್ನೆಲ್ ವಿರುದ್ಧ ದೂರು ಕೊಟ್ಟಿತ್ತು. ಕೇಂದ್ರ ಶಿಕ್ಷಣ ಇಲಾಖೆ ಅದನ್ನು ಪರಿಶೀಲಿಸಿ, ಯಾರು ಬೇಕಾದರೂ ಅರ್ಜಿ ಹಾಕಬಹುದಾದ್ದರಿಂದ ತಪ್ಪಿಲ್ಲ ಎಂಬ ನಿಲುವಿಗೆ ಬಂತು. ಕನ್ನಡ ಓದುಗರಿಗೆ ಈ ವಾದದ ಎರಡೂ ಮುಖ ಗೊತ್ತಿರಲೇಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಮುದಾಯದ ಸಂಘಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಎಷ್ಟೋ ಹಳ್ಳಿಯ ಹುಡುಗರು ಹೈಸ್ಕೂಲಿನ ಮುಖವನ್ನೇ ನೋಡುತ್ತಿರಲಿಲ್ಲ. ಅದೇ ನಿಲಯಗಳು ‘ನಮ್ಮವರು’ ಎಂಬ ಗೆರೆಯನ್ನು ಗಟ್ಟಿಯೂ ಮಾಡಿದವು. ಉಜಾಮಾದ ಕುರಿತು ನನ್ನ ಮನಸ್ಸನ್ನು ಅನುಕೂಲಕರವಾಗಿ ತಿರುಗಿಸಿದ್ದು ಅಲ್ಲಿ ನಡೆಯುವ ‘ಯೂನಿಟಿ ಅವರ್’ ಎಂಬ ಚರ್ಚಾಕೂಟ. ರಾಜಕೀಯ, ಆರೋಗ್ಯ, ಸಿನಿಮಾ, ಕೂದಲಿನ ಆರೈಕೆ, ಯಾವ ವಿಷಯವಾದರೂ ಸರಿ, ಹೊರಗಿನವರೂ ಬಂದು ಕೂತು ಮಾತಾಡಬಹುದು. ಬಾಗಿಲು ತೆರೆದಿಟ್ಟ ಮನೆಗೂ ಮುಚ್ಚಿದ ಮನೆಗೂ ಇರುವ ವ್ಯತ್ಯಾಸ ಸಣ್ಣದಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲನೆಯದಾಗಿ, ಹದಿನೆಂಟು ವರ್ಷದ ಹುಡುಗ ಏಪ್ರಿಲ್‌ನಲ್ಲಿ ಬರೆದ ಆಸಕ್ತಿ ಅಕ್ಟೋಬರಿನ ಹೊತ್ತಿಗೆ ಉಳಿದಿರುತ್ತದೆಂಬ ಖಾತ್ರಿಯಿಲ್ಲ. ಕೋಣೆ ಸಿಕ್ಕಿದ ಮೇಲೆ ಮನೆಯ ಕೆಲಸಕ್ಕೆ ಬೆನ್ನು ತಿರುಗಿಸಿದವರನ್ನು ಯಾರೂ ಗದರಿಸುವಂತಿಲ್ಲ, ಹೀಗಾಗಿ ಹತ್ತಾರು ಮಂದಿಯ ಭಾರವನ್ನು ನಾಲ್ಕೈದು ಮಂದಿ ಹೊರುವ ಪರಿಸ್ಥಿತಿ ಎಲ್ಲ ಕಡೆ ಬರುತ್ತದೆ. ವಿದ್ಯಾರ್ಥಿಗಳು ವರ್ಷ ವರ್ಷ ಬದಲಾಗುವುದರಿಂದ, ಹಿಂದಿನವರು ಕಲಿತದ್ದು ಮುಂದಿನವರಿಗೆ ದಾಟದೆ ಹೋಗುವುದೂ ಉಂಟು. ವಾಸ ಮತ್ತು ಓದನ್ನು ಒಂದುಗೂಡಿಸುವ ಪ್ರಯೋಗವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣತಜ್ಞ ಅಲೆಕ್ಸಾಂಡರ್ ಮೈಕಲ್‌ಜಾನ್ 1927ರಲ್ಲೇ ಮಾಡಿದ್ದರು. ವಿದ್ಯಾರ್ಥಿಗಳು ಒಂದು ವರ್ಷ ಪ್ರಾಚೀನ ಅಥೆನ್ಸನ್ನು, ಇನ್ನೊಂದು ವರ್ಷ ಅಮೆರಿಕವನ್ನು ಒಂದೇ ವಸತಿಗೃಹದಲ್ಲಿದ್ದು ಓದಬೇಕಿತ್ತು. 1932ರಲ್ಲಿ ಅದು ನಿಂತೇ ಹೋಯಿತು. ಅದಕ್ಕೆ ಹೋಲಿಸಿದರೆ ಕಾರ್ನೆಲ್‌ನ ಮನೆಗಳು ಬಹಳ ಸಡಿಲ, ಬಹುಶಃ ಅದಕ್ಕಾಗಿಯೇ ಬಾಳಿಕೆ ಬಂದಿವೆ.

ವಿಷಯದ ಗೊಡವೆಯೇ ಬೇಡ ಎನ್ನುವವರಿಗೆ ಎರಡನೆಯ ವರ್ಷದಿಂದ ವೆಸ್ಟ್ ಕ್ಯಾಂಪಸ್ಸಿನ ಐದು ಮನೆಗಳಿವೆ. ಭೌತಶಾಸ್ತ್ರಜ್ಞ ಹಾನ್ಸ್ ಬೆಥೆ ಮುಂತಾದ ಪ್ರಾಧ್ಯಾಪಕರ ಹೆಸರಿನ ಆ ಮನೆಗಳಲ್ಲಿ ಅಧ್ಯಾಪಕರೊಬ್ಬರು ಕುಟುಂಬಸಮೇತ ವಾಸವಾಗಿರುತ್ತಾರೆ. ಮೊದಲ ವರ್ಷದವರ ಬಹುಪಾಲು ಹಾಸ್ಟೆಲ್ಲುಗಳು ನಾರ್ತ್ ಕ್ಯಾಂಪಸ್ಸಿನಲ್ಲಿವೆ.

ಊಟದ ವಿಷಯ ಕೇಳದೆ ಯಾವ ಕನ್ನಡದ ತಾಯಿಯೂ ಫೋನ್ ಇಡುವುದಿಲ್ಲವಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ರಿಸ್ಲಿಯ ಅಡುಗೆಮನೆ 2017ರಿಂದ ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಅಂಟಿನಂಶ) ಇಲ್ಲದ್ದು, ಶೇಂಗಾ ಮತ್ತು ಗೋಡಂಬಿ, ಬಾದಾಮಿಯಂಥವೂ ಅಲ್ಲಿಲ್ಲ. ಅಲರ್ಜಿ ಇರುವ ಮಕ್ಕಳಿಗೆ ಅದು ವರ, ಅನ್ನ ಉಣ್ಣುವವರಿಗೂ ತೊಂದರೆಯಿಲ್ಲ. ಚಪಾತಿಯಿಲ್ಲದೆ ಆಗದವರು ನಾರ್ತ್ ಕ್ಯಾಂಪಸ್ಸಿನ ಬೇರೆ ಭೋಜನಶಾಲೆಗೆ ನಡೆದು ಹೋಗಬೇಕು. ಕೊನೆಯದಾಗಿ ಪ್ರಬಂಧದ ಮಾತು: ‘ನನಗೆ ಕಲೆಯೆಂದರೆ ಬಹಳ ಇಷ್ಟ’ ಎಂದು ಎಲ್ಲರೂ ಬರೆಯುತ್ತಾರೆ. ಮನೆಯ ರಂಗಮಂದಿರದಲ್ಲಿ ನಾನು ಯಾವ ಕೆಲಸಕ್ಕೆ ಕೈ ಹಾಕುತ್ತೇನೆ, ಊಟದ ಮೇಜಿನಲ್ಲಿ ಯಾವ ಭಾಷೆಯನ್ನು ತಡವರಿಸಿಯಾದರೂ ಮಾತಾಡುತ್ತೇನೆ ಎಂಬುದನ್ನು ಬರೆಯಲಿ. ಬರೆಯಲು ಏನೂ ಹೊಳೆಯದಿದ್ದರೆ ಸಾಮಾನ್ಯ ಹಾಸ್ಟೆಲ್ಲಿಗೆ ಗುರುತು ಹಾಕಿ ಅರ್ಜಿ ಕಳಿಸಬಹುದು. ರಿಸ್ಲಿಯ ನಾಟಕಕ್ಕೆ ಪ್ರೇಕ್ಷಕರಾಗಿ ಹೋಗುವುದಕ್ಕೆ ಅಲ್ಲಿ ವಾಸವಿರಬೇಕೆಂದೇನೂ ಇಲ್ಲ.